ಹಸಿರಿನ ಪಕ್ಕದ ಚುಕ್ಕೆ

ಕಚೇರಿಯ ಅಡುಗೆಕಟ್ಟೆಯ ಮೇಲಿದ್ದ ಸ್ಪಂಜನ್ನು ಚಿಕ್ಕಮ್ಮ ಎರಡು ಬೆರಳ ತುದಿಯಲ್ಲಿ ಎತ್ತಿ ಕಸದ ಡಬ್ಬಿಗೆ ಬಿಟ್ಟಳು. ಒಂದು ಕಾಲಕ್ಕೆ ಅದು ಹಳದಿಯಾಗಿತ್ತು. ಈಗ ಅದರ ಬಣ್ಣ ಇಂಥದ್ದೆಂದು ಹೇಳುವ ಹಾಗಿರಲಿಲ್ಲ. ಹಿಂಡಿದರೆ ಬರುವ ನೀರು ಬೆರಳಿಗೆ ಅಂಟುತ್ತಿತ್ತು. ಇಪ್ಪತ್ತಾರು ಜನ ದಿನಾ ಅದರಿಂದಲೇ ತಮ್ಮ ತಮ್ಮ ಲೋಟ ತಿಕ್ಕಿಕೊಂಡು, ಚೊಕ್ಕಟವಾಯಿತು ಎಂದು ನಂಬಿ ಹೋಗುತ್ತಿದ್ದರು. ಅವಳು ಸೋಪು ಹಚ್ಚಿ ಎರಡು ಸಲ ಕೈ ತೊಳೆದಳು. ಮೂಗಿಗೆ ಹಿಡಿದು ನೋಡಿ ಮತ್ತೊಂದು ಸಲ ತೊಳೆದಳು.

"ಇನ್ನೂ ಒಂದು ವಾರ ಬರ್ತಿತ್ತಲ್ಲ ಚಿಕ್ಕಮ್ಮ," ಎಂದ ಪಕ್ಕದಲ್ಲಿ ಕಾಫಿಗೆ ಸಕ್ಕರೆ ಬೆರೆಸುತ್ತಿದ್ದವನು.

"ಬರ್ತಿತ್ತಪ್ಪ. ತಾನೇ ನಡ್ಕೊಂಡು ನಿನ್ನ ಮೇಜಿನ ಹತ್ರ ಬರ್ತಿತ್ತು."

ಚಿಕ್ಕಮ್ಮ ಎನ್ನುವುದು ಕಚೇರಿಯವರು ಇಟ್ಟ ಹೆಸರು. ಅವಳು ಕೆಲಸಕ್ಕೆ ಸೇರಿದಾಗ ಪರೀಕ್ಷಾ ವಿಭಾಗದ ಹಿರಿಯಳನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಹಾಗಾಗಿ ಇವಳು ಚಿಕ್ಕಮ್ಮ ಆದಳು. ದೊಡ್ಡಮ್ಮ ನಿವೃತ್ತಳಾಗಿ ಎಂಟು ವರ್ಷವಾಯಿತು. ಇವಳಿಗೆ ಐವತ್ತೇಳು ತುಂಬಿತು, ಕನ್ನಡಕದ ಗಾಜು ದಪ್ಪವಾಯಿತು. ಆದರೂ ಆ ಹೆಸರಿಗೆ ಬಡ್ತಿ ಸಿಗಲಿಲ್ಲ.

ಅವಳು ಪರೀಕ್ಷಿಸುತ್ತಿದ್ದದ್ದು ಒಂದು ಲಿಂಕರನ್ನು. ದೊಡ್ಡ ಪ್ರೋಗ್ರಾಮನ್ನು ಯಾರೂ ಒಂದೇ ಕೈಯಲ್ಲಿ ಬರೆಯುವುದಿಲ್ಲ. ಹತ್ತಾರು ಜನ ಬರೆದ ನೂರಾರು ತುಣುಕುಗಳಿರುತ್ತವೆ. ಒಂದು ತುಣುಕು ಇನ್ನೊಂದನ್ನು ಹೆಸರು ಹಿಡಿದು ಕರೆಯುತ್ತದೆ. ಕರೆದವರಿಗೂ ಕರೆಸಿಕೊಂಡವರಿಗೂ ಗಂಟು ಹಾಕುವುದು ಲಿಂಕರಿನ ಕೆಲಸ. ಕೆಲವೊಮ್ಮೆ ಒಂದೇ ಹೆಸರಿನ ಎರಡು ತುಣುಕು ಎದುರಾಗುತ್ತವೆ. ಆಗ ಏನು ಮಾಡಬೇಕೆಂಬುದಕ್ಕೂ ಕಟ್ಟಳೆಯಿದೆ: ಯಾರೂ ಏನೂ ಬರೆಯದಿದ್ದರೆ ಇರಲಿ ಎಂದು ಇಟ್ಟ ಬದಲಿ ತುಣುಕು ದುರ್ಬಲ, ಬೇಕೆಂದೇ ಬರೆದದ್ದು ಪ್ರಬಲ. ಎರಡೂ ಸಿಕ್ಕರೆ ಪ್ರಬಲವೇ ಉಳಿಯಬೇಕು. ಇದರಲ್ಲಿ ಎರಡು ಮಾತಿಲ್ಲ.

ಈಚಿನ ಆವೃತ್ತಿಗಳಲ್ಲಿ ಲಿಂಕರ್ ಗಂಟು ಹಾಕಿ ಸುಮ್ಮನಾಗುತ್ತಿರಲಿಲ್ಲ. ಗಂಟು ಹಾಕುವ ಹೊತ್ತಿಗೇ ಪ್ರೋಗ್ರಾಮನ್ನು ಹಿಂಡಿ ಹಗುರ ಮಾಡುತ್ತಿತ್ತು; ಸಣ್ಣ ತುಣುಕುಗಳನ್ನು ಅವನ್ನು ಕರೆದ ದೊಡ್ಡ ತುಣುಕಿನೊಳಗೇ ಕರಗಿಸಿಬಿಡುತ್ತಿತ್ತು. ಒಮ್ಮೆ ಕರಗಿದ ಮೇಲೆ ಯಾವುದು ಕರಗಿತೆಂದು ಹೊರಗಿನಿಂದ ನೋಡಿದವರಿಗೆ ಗೊತ್ತಾಗುವಂತಿಲ್ಲ. ಆದ್ದರಿಂದಲೇ ಚಿಕ್ಕಮ್ಮ ಅದಕ್ಕೊಂದು ಪರೀಕ್ಷೆ ಬರೆದಿದ್ದಳು. ಪುಟ್ಟ ಪ್ರೋಗ್ರಾಮು, ಅದರಲ್ಲಿ 'ಮಿತಿ' ಎಂಬ ಹೆಸರಿನ ಎರಡು ತುಣುಕು. ದುರ್ಬಲವಾದದ್ದು ಸೊನ್ನೆ, ಅಂದರೆ ಮಿತಿಯೇ ಇಲ್ಲ ಎನ್ನುತ್ತದೆ, ಪ್ರಬಲವಾದದ್ದು ಇಪ್ಪತ್ತು. ಪ್ರೋಗ್ರಾಮು ಓಡಿದಾಗ ಇಪ್ಪತ್ತು ಎಂದರೆ ಗೋಡೆಯ ಪರದೆಯ ಮೇಲೆ ಹಸಿರು, ಸೊನ್ನೆ ಎಂದರೆ ಕೆಂಪು. ನಾಲ್ಕು ವರ್ಷದಿಂದ ಅದು ಹಸಿರಾಗಿಯೇ ಇತ್ತು.

ಅಂದು ಗುರುವಾರ. ಹನ್ನೊಂದಕ್ಕೆ ಸರಿಯಾಗಿ ಫೋನು ಬಂತು.

"ನಮಸ್ಕಾರ. ಎರಡು ನಿಮಿಷ ಇದೆಯಾ, ಇಲ್ಲ ಆಮೇಲೆ ಮಾಡ್ಲಾ?"

ಪ್ರತಿ ಗುರುವಾರವೂ ಅದೇ ಮಾತು, ಅದೇ ಸಂಕೋಚ. ಕರೆ ಮಾಡುವವರು ಆಸ್ಪತ್ರೆಯ ರೋಗಿಗಳಿಗೆ ಹನಿಹನಿಯಾಗಿ ಮದ್ದು ಏರಿಸುವ ಪಂಪು ತಯಾರಿಸುವ ಕಂಪನಿಯ ಎಂಜಿನಿಯರು. ಕಚೇರಿಯಲ್ಲಿ ಅವರನ್ನು ಗುರುವಾರದ ಮುದುಕ ಎಂದು ಆಡಿಕೊಳ್ಳುತ್ತಿದ್ದರು. ಅವರ ದೂರು ಇಷ್ಟೇ: ನಿಮ್ಮ ಲಿಂಕರ್ ಬಳಸಿ ಒಂದೇ ಪ್ರೋಗ್ರಾಮನ್ನು ಎರಡು ಸಲ ಜೋಡಿಸಿದರೆ ಎರಡು ಥರ ಬರುತ್ತಿದೆ. ಒಂದರಲ್ಲಿ ಪಂಪು ಮಿತಿ ಬಂದಾಗ ನಿಲ್ಲುತ್ತದೆ, ಇನ್ನೊಂದರಲ್ಲಿ ಮಿತಿಯೇ ಇಲ್ಲದ ಹಾಗೆ ಸುರಿಯುತ್ತಲೇ ಹೋಗುತ್ತದೆ. ಆ ದೂರನ್ನು 'ಇಲ್ಲಿ ಮರುಕಳಿಸಲಿಲ್ಲ' ಎಂದು ಬರೆದು ಎರಡು ಸಲ ಮುಚ್ಚಿದವಳು ಚಿಕ್ಕಮ್ಮನೇ.

"ನಾಳೆ ನಿಮ್ಮ ಕಾಗದ ಬರುತ್ತೆ ಅಂದ್ರು ನಮ್ಮವರು," ಎಂದರು ಗುರುವಾರದವರು. "ದೋಷ ಇಲ್ಲ ಅಂತ."

"ಹೌದು. ನಾನೇ ಸಹಿ ಹಾಕ್ಬೇಕು."

"ಸರಿ. ಅದು ಬಂದ್ರೆ ಸೋಮವಾರ ಈ ನಲವತ್ತು ಪಂಪು ಹೊರಡುತ್ತೆ. ನನ್ನ ಕೋಣೇಲೇ ಇಟ್ಕೊಂಡಿದೀನಿ ನೋಡಿ, ಪೆಟ್ಟಿಗೆ ಮೇಲೆ ಪೆಟ್ಟಿಗೆ. ಕುರ್ಚಿ ಹಾಕೋಕೆ ಜಾಗ ಇಲ್ಲ, ಬಾಗಿಲ ಹತ್ರ ಕೂತಿದೀನಿ." ಅವರು ಕೆಮ್ಮಿದರು. "ಒಂದು ಮಾತು ಕೇಳ್ಲಾ? ಬೇಜಾರು ಮಾಡ್ಕೋಬೇಡಿ. ನೀವು ಪರೀಕ್ಷೆ ಒಂದೇ ಸಲ ಓಡಿಸ್ತೀರಾ, ಇಲ್ಲ ಸರಿ ಬರೋವರೆಗೂ ಓಡಿಸ್ತೀರಾ?"

"ಇದೆಂಥ ಪ್ರಶ್ನೆ!" ಎಂದಳು ಚಿಕ್ಕಮ್ಮ. ತುಸು ಸಿಟ್ಟೇ ಬಂತು. ಫೋನು ಇಟ್ಟ ಮೇಲೆ ಗೋಡೆಯ ಪರದೆಯತ್ತ ನೋಡಿದಳು. ಸಾಲು ಸಾಲು ಹಸಿರು. ಅವಳ ಪರೀಕ್ಷೆಯೂ ಹಸಿರೇ. ಆದರೆ ಅದರ ಪಕ್ಕದಲ್ಲಿ ಸಾಸಿವೆಯಷ್ಟು ಸಣ್ಣ ಬೂದುಬಣ್ಣದ ಚುಕ್ಕೆಯೊಂದಿತ್ತು. ಅಲ್ಲಲ್ಲಿ ಬೇರೆ ಹಸಿರುಗಳ ಪಕ್ಕದಲ್ಲೂ ಇತ್ತು. ಎಷ್ಟೋ ವರ್ಷದಿಂದ ನೋಡುತ್ತ ಬಂದ ಚುಕ್ಕೆ. ಕಣ್ಣು ಅದನ್ನು ಕಾಣುವುದನ್ನೇ ಬಿಟ್ಟಿತ್ತು.

ಅವಳು ಆ ಪರೀಕ್ಷೆಯನ್ನು ಪರದೆಯ ವ್ಯವಸ್ಥೆಯಿಂದ ಹೊರಗೆ ತೆಗೆದು, ತನ್ನ ಯಂತ್ರದಲ್ಲಿ ಕೈಯಾರೆ ಓಡಿಸಿದಳು. ಇಪ್ಪತ್ತು. ಇನ್ನೊಮ್ಮೆ. ಇಪ್ಪತ್ತು. ಹಾಳೆಯ ಮೇಲೆ ಗೆರೆ ಎಳೆಯುತ್ತ ಹೋದಳು. ಒಂಬತ್ತನೆಯ ಸಲಕ್ಕೆ ಪರದೆಯ ಮೇಲೆ ಸೊನ್ನೆ ಬಂತು.

ಅವಳು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡಳು. ಸೊನ್ನೆ ಸೊನ್ನೆಯಾಗಿಯೇ ಇತ್ತು.

ಊಟದ ಹೊತ್ತು ಮೀರುವವರೆಗೂ ಓಡಿಸಿದಳು. ನೂರು ಸಲದಲ್ಲಿ ಏಳು ಸೊನ್ನೆ. ಕೆಳಗಿನ ಕಾವಲುಗಾರ, ಅವಳು ಊಟಕ್ಕೆ ಇಳಿಯದಿದ್ದುದನ್ನು ನೋಡಿ, ಯಾರೂ ಹೇಳದೆಯೇ ಒಂದು ಬಾಳೆಹಣ್ಣು ತಂದು ಮೇಜಿನ ಅಂಚಿನಲ್ಲಿ ಇಟ್ಟು ಹೋಗಿದ್ದ. ಅವಳಿಗೆ ಅದನ್ನು ಸುಲಿಯಲೂ ಮನಸ್ಸಾಗಲಿಲ್ಲ. ನೂರಕ್ಕೆ ಏಳು ಸಲ ಸುಳ್ಳು ಹೇಳುವ ಲಿಂಕರು ನಾಲ್ಕು ವರ್ಷ ಹಸಿರಾಗಿ ಇದ್ದದ್ದು ಹೇಗೆ?

ಪರೀಕ್ಷಾ ವ್ಯವಸ್ಥೆಯ ನಿಯಮಗಳನ್ನು ಬರೆದಿಟ್ಟ ಕಡತವನ್ನು ತೆರೆದಳು. ಅದರ ನಡುವೆ ಒಂದು ಸಾಲು: ಪರೀಕ್ಷೆ ಸೋತರೆ ಮತ್ತೆ ಓಡಿಸು, ಮೂರರಲ್ಲಿ ಒಂದು ಸಲ ಗೆದ್ದರೂ ಹಸಿರು ಹಾಕು, ಪಕ್ಕದಲ್ಲಿ ಚುಕ್ಕೆ ಇಡು.

ಚಿಕ್ಕಮ್ಮ ಆ ಸಾಲನ್ನು ಮತ್ತೊಮ್ಮೆ ಓದಿದಳು. ಯಾವ ಮಹಾನುಭಾವ ಬರೆದ ಇದನ್ನ? ಮೂರು ಸಲ ಕೇಳಿ, ಎರಡು ಸಲದ ಸುಳ್ಳನ್ನು ನುಂಗಿ, ಒಂದು ಸಲದ ನಿಜಕ್ಕೆ ಹಸಿರು ಬಳಿಯುವುದು! ಹೇಸಿಗೆ ಮೇಲೆ ಕಂಬಳಿ ಮುಚ್ಚಿದ ಹಾಗೆ. ಇಂಥವರ ಜೊತೆ ಒಂದೇ ಸೂರಿನಡಿ ಕೂತು ಕೆಲಸ ಮಾಡಿದೆನಲ್ಲ ಎಂದುಕೊಂಡಳು. ಸಾಲಿನ ಮೇಲೆ ಬೆರಳಿಟ್ಟು, ಬರೆದವರು ಯಾರು ಎಂದು ಕೇಳಿದಳು. ಯಂತ್ರ ಹೇಳಿತು.

ಅವಳ ಹೆಸರೇ. ಹನ್ನೊಂದು ವರ್ಷದ ಹಿಂದಿನ ತಾರೀಕು. ಜೊತೆಗೆ ಅವಳದೇ ಟಿಪ್ಪಣಿ: 'ಹೊಸ ಡಿಸ್ಕ್ ಬರುವ ತನಕ ಮಾತ್ರ.'

ಎಲ್ಲ ನೆನಪಾಯಿತು. ಆಗ ಪರೀಕ್ಷೆಯ ಯಂತ್ರದ ಡಿಸ್ಕು ಮುಗ್ಗರಿಸುತ್ತಿತ್ತು. ಅದು ಮುಗ್ಗರಿಸಿದಾಗಲೆಲ್ಲ ಯಾವುದೋ ಪರೀಕ್ಷೆ ಕೆಂಪಾಗಿ, ಅದನ್ನು ನೋಡಿಕೊಳ್ಳುವ ಸರದಿಯಲ್ಲಿದ್ದವನಿಗೆ ಫೋನು ಹೋಗುತ್ತಿತ್ತು. ಆ ವಾರ ಸರದಿಯಲ್ಲಿದ್ದ ಹುಡುಗನ ಮಗು ಹುಟ್ಟಿ ಹದಿನೈದು ದಿನ, ಆಸ್ಪತ್ರೆಯಲ್ಲಿತ್ತು. ಮಗುವಿನ ಪಕ್ಕ ಕೂತವನಿಗೆ ಗಂಟೆಗೊಂದು ಸಲ ಫೋನು. ಎದ್ದು ಹೊರಗೋಡಿ ನೋಡಿದರೆ ಏನೂ ಇಲ್ಲ, ಡಿಸ್ಕಿನ ಚೇಷ್ಟೆ. ಅವನ ಮುಖ ನೋಡಲಾರದೆ ಚಿಕ್ಕಮ್ಮ ಆ ಸಾಲು ಬರೆದಿದ್ದಳು. ಮರುದಿನ ಅವನು ಅವಳ ಕೈ ಹಿಡಿದುಕೊಂಡು ಅತ್ತಿದ್ದ. ಮಗು ಉಳಿಯಿತು. ಡಿಸ್ಕನ್ನು ಬದಲಿಸಿ ಗುಜರಿಗೆ ಹಾಕಿಯೂ ಹತ್ತು ವರ್ಷವಾಗಿತ್ತು. ಸಾಲು ಮಾತ್ರ ಉಳಿದುಬಿಟ್ಟಿತ್ತು.

ಆ ಹುಡುಗ ಈಗ ಕಚೇರಿಯ ಮುಖ್ಯಸ್ಥ.

ಅವನ ಕೋಣೆಗೆ ಹೋದಾಗ ಅವನು ಮೇಜಿನ ಮೇಲೆ ಕಾಗದ ಹಾಸಿಕೊಂಡು ಉಗುರು ಕತ್ತರಿಸುತ್ತಿದ್ದ. ಒಂದು ಚೂರು ಟಪ್ಪೆಂದು ಹಾರಿ ಅವಳ ಸೆರಗಿನ ಮೇಲೆ ಬಿತ್ತು. ಅವಳು ಅದನ್ನು ಕೊಡವಿದಳು.

"ಬನ್ನಿ ಚಿಕ್ಕಮ್ಮ. ಸಹಿ ಆಯ್ತಾ?"

ಅವಳು ಹಾಳೆಯನ್ನು ಮುಂದಿಟ್ಟು ಎಲ್ಲವನ್ನೂ ಹೇಳಿದಳು. ಗೆರೆಗಳು, ಏಳು ಸೊನ್ನೆ, ಮೂರು ಸಲದ ನಿಯಮ. ಅವನು ಇನ್ನೊಂದು ಬೆರಳಿಗೆ ಹೋದ.

"ನೂರಕ್ಕೆ ತೊಂಬತ್ಮೂರು ಸರಿ ಇದೆಯಲ್ಲ. ನನಗೆ ಶಾಲೇಲಿ ಯಾವತ್ತೂ ಅಷ್ಟು ಬಂದಿರ್ಲಿಲ್ಲ."

"ನಗಬೇಡ. ಅದು ಮದ್ದಿನ ಪಂಪು."

"ನಗ್ತಿಲ್ಲ. ನಾಳೆ ಬಿಡುಗಡೆ, ಇವತ್ತು ನಿಯಮ ತೆಗೀತೀನಿ ಅಂತೀರಿ. ಇನ್ನೂ ಎಷ್ಟು ಪರೀಕ್ಷೆ ಕೆಂಪಾಗುತ್ತೋ! ನಿಮ್ಮ ಗುರುವಾರದ ಮುದುಕನಿಗೆ ಮಾಡೋಕೆ ಬೇರೆ ಕೆಲಸ ಇಲ್ಲ." ಕತ್ತರಿಸಿದ ಉಗುರುಗಳನ್ನು ಬೆರಳಿನಿಂದ ಗುಡ್ಡೆ ಮಾಡಿದ. "ಅಲ್ಲ, ಆ ನಿಯಮ ಮಾಡಿದ್ದು ಯಾರು? ನಾನಾ?"

"ನಾನೇ."

"ಮತ್ತೆ? ಕಾಗದದಲ್ಲಿ ಏನು ಬರೀತೀರಿ, ತಪ್ಪು ನನ್ನದು ಅಂತಲಾ? ಇನ್ನು ಮೂರು ವರ್ಷ ಇದೆ ನಿಮಗೆ. ಗೌರವವಾಗಿ ಹೋಗಿ ಚಿಕ್ಕಮ್ಮ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ."

ಅವನ ಹಿಂದಿನ ಗೋಡೆಯಲ್ಲಿ ಮಗಳು ಚಿಕ್ಕವಳಿದ್ದಾಗ ಬರೆದ ಚಿತ್ರ ಅಂಟಿಸಿತ್ತು: ಆನೆಯೋ ಕೆಟಲೋ ಹೇಳಲಾಗದ ಒಂದು ಪ್ರಾಣಿ. ಆ ಮಗುವಿನ ತೊಟ್ಟಿಲ ಪಕ್ಕದಲ್ಲೂ ಇಂಥದೇ ಒಂದು ಪಂಪು ಇದ್ದಿರಬೇಕು. ಮಾತು ನಾಲಿಗೆಯ ತುದಿಗೆ ಬಂತು. ಅವಳು ನುಂಗಿಕೊಂಡಳು. ಮಗುವನ್ನು ಎದುರಿಗೆ ನಿಲ್ಲಿಸಿ ಅಪ್ಪನಿಗೆ ಹೊಡೆಯುವುದೂ ಒಂದು ಹೇಸಿಗೆಯೇ. ಅವನು ಕೆಟ್ಟವನಾಗಿದ್ದರೆ ಸುಲಭವಿತ್ತು. ಅವಳ ಗಂಡನಿಗೆ ಎದೆನೋವು ಬಂದಾಗ ತನ್ನ ಕಾರಿನಲ್ಲಿ ಕರೆದೊಯ್ದು, ಬೆಳಗಿನವರೆಗೂ ಬೆಂಚಿನ ಮೇಲೆ ಕಾದವನು ಇದೇ ಉಗುರಿನವನು.

"ನಾಳೆ ಹೇಳ್ತೀನಿ," ಎಂದು ಎದ್ದಳು. ಅವನು ಎಂದಿನಂತೆ ಪೆಪ್ಪರ್‌ಮಿಂಟಿನ ಡಬ್ಬಿ ಮುಂದೆ ಹಿಡಿದ. ಅದೇ ಬೆರಳು. ಅವಳು ಬೇಡವೆಂದಳು, ಅವನ ಮುಖ ಸಣ್ಣದಾಯಿತು.

ಸಂಜೆ ಮನೆಗೆ ಬಂದವಳೇ ಕೈ ತೊಳೆಯಲು ನಿಂತಳು. ಗಂಡ ಅಡುಗೆಮನೆಯಲ್ಲಿ ಆಲೂಗಡ್ಡೆ ಹೆಚ್ಚುತ್ತಿದ್ದವನು ನಲ್ಲಿಯ ಸದ್ದು ನಿಲ್ಲದ್ದನ್ನು ಕೇಳಿ ಇಣುಕಿದ. ಮೂವತ್ತೆರಡು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಈಗಲೂ ಬಾಗಿಲು ದಾಟುವಾಗ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡುತ್ತಿದ್ದ.

"ಟ್ಯಾಂಕು ಖಾಲಿ ಮಾಡ್ತೀಯಾ? ಯಾರ ಮೇಲೆ ಕೋಪ?"

"ಕೋಪ ಅಲ್ಲ. ಅಸಹ್ಯ."

"ಯಾರ ಮೇಲೆ?"

"ಬೆಳಗ್ಗೆಯಿಂದ ಒಬ್ಬೊಬ್ಬರ ಮೇಲೆ ಹಾಕಿ ನೋಡ್ದೆ. ಕೊನೆಗೆ ನನ್ನ ಮೇಲೇ ಬಂದು ಕೂತಿದೆ."

ಅವನು ಟವೆಲು ತಂದು ಕೊಟ್ಟು, ಸ್ಟೂಲು ಎಳೆದುಕೊಂಡು ಮತ್ತೆ ಹೆಚ್ಚುತ್ತ ಕುಳಿತ. ಅವಳು ಹೇಳಿದಳು. ಲಿಂಕರ್ ಎಂದರೇನೆಂದು ಅವನಿಗೆ ಇಪ್ಪತ್ತು ವರ್ಷದಿಂದ ಅರ್ಥವಾಗಿರಲಿಲ್ಲ, ಇಂದೂ ಆಗಲಿಲ್ಲ. ಮೂರು ಸಲದ ಮಾತು ಬಂದಾಗ ಮಾತ್ರ ಅವನ ಚಾಕು ನಿಂತಿತು.

"ತಡಿ. ಡಿಪೋದಲ್ಲಿ ಬೆಳಗ್ಗೆ ಬ್ರೇಕ್ ಒತ್ತಿ ನೋಡ್ತಿದ್ವಿ. ಎರಡು ಸಲ ಹಿಡೀಲಿಲ್ಲ, ಮೂರನೇ ಸಲ ಹಿಡೀತು. ಬಸ್ಸು ಸರಿಯಿದೆ ಅಂತ ಬರ್ಕೊಡೋದಾ?"

"ಹೂಂ. ಹಾಗೇ ಬರ್ಕೊಟ್ಟಿದೀನಿ. ಹನ್ನೊಂದು ವರ್ಷ."

"ಅಯ್ಯೋ ನಿನ್ನ! ಅಂಥ ಬಸ್ಸಲ್ಲಿ ನಾನು ನಿಮ್ಮಮ್ಮನ್ನೂ ಕೂರಿಸ್ತಿರಲಿಲ್ಲ."

"ಅವರನ್ನ ನೀವು ಯಾವ ಬಸ್ಸಲ್ಲೂ ಕೂರಿಸಲಿಲ್ಲ."

ಇಬ್ಬರೂ ನಕ್ಕರು. ನಗು ಮುಗಿದ ಮೇಲೆ ಅವನು ಹೆಚ್ಚಿದ ಹೋಳುಗಳನ್ನು ನೀರಿಗೆ ಹಾಕುತ್ತ, ಅವಳ ಕಡೆ ನೋಡದೆ ಹೇಳಿದ: "ಆ ಮಗೂಗೋಸ್ಕರ ಮಾಡಿದ್ದು ತಪ್ಪಲ್ಲ ಕಣೇ. ಆಮೇಲೆ ತಿರುಗಿ ನೋಡದೇ ಇದ್ದದ್ದು ತಪ್ಪು."

ಮರುದಿನ ಬೆಳಿಗ್ಗೆ ಒಂಬತ್ತಕ್ಕೆಲ್ಲ ಅವಳು ಆ ಸಾಲಿನ ಮೂರನ್ನು ಒಂದು ಮಾಡಿದಳು. ಆದರೆ ನಿಯಮ ಬದಲಿಸಲು ಇನ್ನೊಬ್ಬರ ಒಪ್ಪಿಗೆ ಬೇಕಿತ್ತು. ಒಪ್ಪಿಗೆ ಕೊಡುವ ಅಧಿಕಾರವಿದ್ದವರು ಇಬ್ಬರೇ: ಒಬ್ಬ ಮುಖ್ಯಸ್ಥ, ಇನ್ನೊಬ್ಬ ಗೊಣಗಪ್ಪ. ಒಂದೇ ಹೆಸರಿನ ಎರಡರಲ್ಲಿ ಯಾವುದು ಉಳಿಯಬೇಕೆಂದು ತೀರ್ಮಾನಿಸುವ ಭಾಗವನ್ನು ಲಿಂಕರಿನಲ್ಲಿ ಬರೆದವನೇ ಈ ಗೊಣಗಪ್ಪ. ಕೆಂಪಾದರೆ ಮೊದಲು ಮಾನ ಹೋಗುವುದು ಅವನದೇ. ಯಾರು ಅವನ ಕೆಲಸದಲ್ಲಿ ಕೊಂಕು ತೆಗೆದರೂ ಎರಡು ವಾರ ಮಾತು ಬಿಡುವವನು.

"ಏನು?" ಎಂದ ಅವನು, ತಿರುಗದೆ. ಅವನ ಕೀಲಿಮಣೆಯ ಸಂದುಗಳಲ್ಲಿ ಬಿಸ್ಕತ್ತಿನ ಪುಡಿ ತುಂಬಿತ್ತು. ಚಿಕ್ಕಮ್ಮ ಕಣ್ಣು ಬೇರೆ ಕಡೆ ಹೊರಳಿಸಿ ವಿಷಯ ಹೇಳಿದಳು.

"ಸಾಧ್ಯವಿಲ್ಲ. ನನ್ನ ಭಾಗ ಸರಿಯಿದೆ."

"ಓಡಿಸಿ ನೋಡು."

ಅವನು ಓಡಿಸಿದ. ಹದಿನಾಲ್ಕನೆಯ ಸಲಕ್ಕೆ ಸೊನ್ನೆ ಬಂತು. ತಾನು ಬರೆದದ್ದನ್ನು ತೆರೆದು, ಮೂಗು ಪರದೆಗೆ ತಾಗುವಷ್ಟು ಹತ್ತಿರ ಬಗ್ಗಿ ಓದತೊಡಗಿದ. ಅರ್ಧ ಗಂಟೆ ಕಳೆಯಿತು. ನಡುವೆ ಒಮ್ಮೆ, ತಲೆಯೆತ್ತದೆಯೇ, ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಚೀಲವನ್ನು ಕಾಲಿನಿಂದ ನೂಕಿ ಅವಳಿಗೆ ಕೂರಲು ಜಾಗ ಮಾಡಿದ.

"ಥೂ!" ಎಂದ ಕೊನೆಗೆ. "ತುಣುಕುಗಳನ್ನ ಓದೋಕೆ ಲಿಂಕರ್ ಒಳಗೇ ಎಂಟು ಆಳು ಬಿಟ್ಟಿದೀನಿ, ಒಟ್ಟಿಗೆ ಓದ್ತಾವೆ, ಬೇಗ ಆಗ್ಲಿ ಅಂತ. ದುರ್ಬಲದ್ದು ಮೊದಲು ಬಂದು, ಪ್ರಬಲದ್ದು ಬರೋದು ಒಂಚೂರು ತಡ ಆದ್ರೆ ಇದು ಕಾಯೋದೇ ಇಲ್ಲ. ಬಂದಿದ್ದನ್ನೇ ಕರಗಿಸಿ ಕೂತ್ಬಿಡುತ್ತೆ. ಯಾವ ಗೂಬೆ ಬರೆದಿದ್ದು ಇದನ್ನ ಅಂತ ಬೈಯ್ಯೋ ಹಾಗೂ ಇಲ್ಲ."

"ನನಗೂ ನಿನ್ನೆ ಹಾಗೇ ಆಯ್ತು," ಎಂದಳು ಚಿಕ್ಕಮ್ಮ.

"ನಾಲ್ಕು ವರ್ಷ! ಆ ಚುಕ್ಕೆ ಅಂದಕ್ಕೆ ಇಟ್ಟಿದ್ದು ಅಂದ್ಕೊಂಡಿದ್ದೆ." ಅವನು ಅವಳ ಬದಲಾವಣೆಯನ್ನು ತೆರೆದು ಒಪ್ಪಿಗೆಯ ಗುಂಡಿ ಒತ್ತಿದ. ಒತ್ತಿದ ಮೇಲೆ ಗೊಣಗಿದ: "ಹೋಗಿ, ಹೋಗಿ. ತಲೆ ಮೇಲೆ ನಿಂತ್ಕೋಬೇಡಿ. ಇದನ್ನ ಸರಿ ಮಾಡೋಕೆ ಎರಡು ವಾರ ಬೇಕು. ಯಾರಾದ್ರೂ ಅವಸರ ಮಾಡಿದ್ರೆ ನನ್ನ ಹತ್ರ ಕಳಿಸಿ."

ಹನ್ನೊಂದೂವರೆಗೆ ಗೋಡೆಯ ಪರದೆ ಹೊಸ ನಿಯಮದಲ್ಲಿ ಓಡಿ ಮುಗಿಸಿತು. ಒಂದೊಂದೇ ಸಾಲು ಕೆಂಪಾಗುತ್ತ ಬಂದು, ಮೈಗೆ ಸಿಡುಬು ಎದ್ದ ಹಾಗೆ, ಅರವತ್ತಮೂರಕ್ಕೆ ನಿಂತಿತು. ಅರವತ್ತಮೂರು ಕೊಳೆತ ಹಲ್ಲನ್ನು ಮುಚ್ಚಿಕೊಂಡು ಹನ್ನೊಂದು ವರ್ಷ ನಕ್ಕ ಬಾಯಿ. ಕಚೇರಿಯೇ ಎದ್ದು ನಿಂತು ನೋಡಿತು. ಯಾರೂ ಚಿಕ್ಕಮ್ಮನನ್ನು ನೋಡಲಿಲ್ಲ; ಅಂದರೆ ಎಲ್ಲರಿಗೂ ಗೊತ್ತಾಗಿತ್ತು.

ಮುಖ್ಯಸ್ಥ ಬಂದ. ಪರದೆಯನ್ನೂ ಅವಳನ್ನೂ ನೋಡಿದ. ಅವನ ಕತ್ತಿನ ನರ ಉಬ್ಬಿತ್ತು.

"ನಾಳೆ ಹೇಳ್ತೀನಿ ಅಂದ್ರಿ."

"ಇದೇ ಹೇಳಿದ್ದು."

"ಕಾಗದ?"

"ಕಳಿಸ್ದೆ. ಬೇರೆ ಕಾಗದ."

ಅದರ ಪ್ರತಿಯನ್ನು ಅವನ ಕೈಗೆ ಕೊಟ್ಟಳು. ನಾಲ್ಕೇ ಸಾಲು. ದೋಷ ನಮ್ಮ ಲಿಂಕರಿನಲ್ಲಿದೆ. ಅದು ನೂರಕ್ಕೆ ಏಳು ಸಲ ತಪ್ಪು ತುಣುಕನ್ನು ಉಳಿಸುತ್ತದೆ. ಪರೀಕ್ಷೆಯನ್ನು ಸರಿ ಬರುವವರೆಗೆ ಓಡಿಸುವ ನಿಯಮ ನಾನು ಬರೆದದ್ದು, ನಿಮ್ಮ ದೂರನ್ನು ಎರಡು ಸಲ ಮುಚ್ಚಿದವಳೂ ನಾನೇ. ದಯವಿಟ್ಟು ಪಂಪುಗಳನ್ನು ಕಳಿಸಬೇಡಿ.

ಅವನು ಓದಿದ. ಇನ್ನೊಮ್ಮೆ ಓದಿದ. "ನನ್ನ ಮಗುವಿನ ವಿಷಯ ಬರೀಬಹುದಿತ್ತು," ಎಂದ, ತಗ್ಗಿದ ದನಿಯಲ್ಲಿ. "ಯಾಕೆ ಮಾಡಿದ್ರಿ ಅಂತ."

"ಅದು ಅವರಿಗೆ ಯಾಕಪ್ಪ ಬೇಕು."

ಅವನು ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡು ಹೋದ. ಚಿಕ್ಕಮ್ಮ ಗುರುವಾರದವರಿಗೆ ಫೋನು ಮಾಡಿದಳು. ಶುಕ್ರವಾರ ಅವಳ ಕರೆ ಬಂದದ್ದು ನೋಡಿ ಅವರಿಗೆ ಗಾಬರಿಯಾಗಿರಬೇಕು.

"ಎರಡು ನಿಮಿಷ ಇದೆಯಾ?" ಎಂದಳು.

"ಇದೆ, ಇದೆ. ಕಾಗದ ಓದ್ತಾ ಇದ್ದೆ." ಆ ಕಡೆ ಕುರ್ಚಿ ಎಳೆದ ಸದ್ದಾಯಿತು. "ನನ್ನನ್ನ ಇಲ್ಲಿ ತಲೆ ಕೆಟ್ಟವನು ಅಂತಿದ್ರು. ನನಗೂ ಸ್ವಲ್ಪ ಹಾಗೇ ಅನ್ಸೋಕೆ ಶುರುವಾಗಿತ್ತು. ಇದನ್ನ ಅಚ್ಚು ಹಾಕಿಸಿ ಬಾಗಿಲಿಗೆ ಅಂಟಿಸ್ಲಾ?"

"ಅಂಟಿಸಿ. ನನ್ನ ಹೆಸರು ಕಾಣೋ ಹಾಗೆ ಅಂಟಿಸಿ. ಪಂಪು?"

"ಹೋಗಲ್ಲ. ಇಲ್ಲೇ ಇರ್ತವೆ, ನನ್ನ ಕೋಣೇಲಿ. ಕುರ್ಚಿ ಇನ್ನೂ ಎರಡು ವಾರ ಬಾಗಿಲ ಹತ್ರಾನೇ." ಅವರು ನಕ್ಕರು. "ನಿನ್ನೆ ನಿಮಗೆ ಬೇಜಾರು ಮಾಡಿಬಿಟ್ಟೆ."

"ನೀವಲ್ಲ," ಎಂದಳು ಚಿಕ್ಕಮ್ಮ.

ಊಟದ ಹೊತ್ತಿಗೆ ಮುಖ್ಯಸ್ಥನ ಪ್ರಕಟಣೆ ಎಲ್ಲರ ಪರದೆಯ ಮೇಲೂ ಬಂತು: ನಮ್ಮ ಸಂಸ್ಥೆಯ ಕಟ್ಟುನಿಟ್ಟಾದ ಪರೀಕ್ಷಾ ಪದ್ಧತಿಯಿಂದಾಗಿ ಗಂಭೀರ ದೋಷವೊಂದು ಸಕಾಲದಲ್ಲಿ ಪತ್ತೆಯಾಗಿದ್ದು, ಬಿಡುಗಡೆಯನ್ನು ಎರಡು ವಾರ ಮುಂದೂಡಲಾಗಿದೆ. ಕಟ್ಟುನಿಟ್ಟು ಎಂಬಲ್ಲಿಗೆ ಬಂದಾಗ ಚಿಕ್ಕಮ್ಮನಿಗೆ ಹುಳಿತೇಗು ಬಂದಂತಾಯಿತು. ಸಕಾಲ ಎಂಬಲ್ಲಿ ಅವಳು ಎದ್ದುಬಿಟ್ಟಳು. ಕೆಂಪನ್ನೂ ಹಸಿರು ಬಳಿದೇ ತೋರಿಸುವವರಿಗೆ ಏನು ಹೇಳುವುದು? ಗೊಣಗಪ್ಪ ಮಾತ್ರ ದೂರದಿಂದ ಕೂಗಿದ: "ಚಿಕ್ಕಮ್ಮ, ಓದಿದ್ರಾ? ನಾವು ಕಟ್ಟುನಿಟ್ಟಂತೆ!" ಹಾಗೆನ್ನುತ್ತ ಅವನು ಕೀಲಿಮಣೆಯನ್ನು ತಲೆಕೆಳಗು ಮಾಡಿ ಬಿಸ್ಕತ್ತಿನ ಪುಡಿ ಕೊಡವುತ್ತಿದ್ದ.

ಅಡುಗೆಕಟ್ಟೆಯ ಹತ್ತಿರ ಹೋಗಿ ನೋಡಿದರೆ ಯಾರೋ ಆ ಹಳೆಯ ಸ್ಪಂಜನ್ನು ಕಸದ ಡಬ್ಬಿಯಿಂದ ಎತ್ತಿ, ಹಿಂಡಿ, ಮತ್ತೆ ಅದೇ ಜಾಗದಲ್ಲಿ ಇಟ್ಟಿದ್ದರು. ಚಿಕ್ಕಮ್ಮ ಅದನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತಳು. ಎರಡು ಬೆರಳಲ್ಲಿ ಎತ್ತಿ, ಈ ಸಲ ಡಬ್ಬಿಗೆ ಹಾಕದೆ, ಕಾಗದದಲ್ಲಿ ಸುತ್ತಿ, ಮೆಟ್ಟಿಲಿಳಿದು ಹೋಗಿ ರಸ್ತೆಯಂಚಿನ ದೊಡ್ಡ ಕಸದ ತೊಟ್ಟಿಗೆ ಎಸೆದು ಬಂದಳು. ಕಾವಲುಗಾರ ಅವಳ ಕೈ ನೋಡಿ, ತನ್ನ ಬಾಟಲಿಯ ನೀರನ್ನು ಧಾರೆಯಾಗಿ ಬಿಟ್ಟ.

ಮೇಲೆ ಬಂದಾಗ ಗೋಡೆಯ ಮೇಲೆ ಅರವತ್ತಮೂರು ಕೆಂಪು ಹಾಗೆಯೇ ಇದ್ದವು. ಪ್ರತಿಯೊಂದರ ಮುಂದೂ ಅದನ್ನು ನೋಡಿಕೊಳ್ಳುವವರ ಹೆಸರು ಬರೆಯಲು ಒಂದು ಖಾಲಿ ಮನೆ. ಮೊದಲನೆಯದನ್ನು ಗೊಣಗಪ್ಪ ಬೆಳಿಗ್ಗೆಯೇ ತನ್ನ ಹೆಸರಿಗೆ ಹಾಕಿಕೊಂಡಿದ್ದ. ಚಿಕ್ಕಮ್ಮ ಕನ್ನಡಕ ಸರಿಮಾಡಿಕೊಂಡು, ಎರಡನೆಯದರ ಮುಂದೆ ತನ್ನ ಹೆಸರು ಬರೆದು, ಆ ಪರೀಕ್ಷೆಯನ್ನು ಒಂದೇ ಒಂದು ಸಲ ಓಡಿಸಿದಳು.